ಹಳೆಯ ಸೈನಿಕ ರೈಫಲಿಗೆ ದುರ್ಬೀನು ಕೂರಿಸುವ ಬಗೆ

ಸೈನ್ಯ ಬಳಸಿ ಬಿಟ್ಟ ರೈಫಲುಗಳನ್ನು ಕೊಂಡು, ಮರದ ಭಾಗವನ್ನು ತೆಳ್ಳಗೆ ಮಾಡಿ, ಬೇಟೆಗೋ ಗುರಿ ಅಭ್ಯಾಸಕ್ಕೋ ಹೊಂದಿಸಿಕೊಳ್ಳುವುದಕ್ಕೆ ‘ಸ್ಪೋರ್ಟರೈಸ್’ ಮಾಡುವುದು ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಈ ಹವ್ಯಾಸ ಜೋರಾಗಿತ್ತು. ಅಂಚೆಯಲ್ಲೇ ರೈಫಲು ಮನೆಗೆ ಬರುತ್ತಿತ್ತು. 1968ರ ಬಂದೂಕು ನಿಯಂತ್ರಣ ಕಾನೂನು ಆ ಅಂಚೆ ವ್ಯಾಪಾರವನ್ನು ನಿಲ್ಲಿಸಿತು. ಹೀಗೆ ಬದಲಾಯಿಸಿದ ರೈಫಲುಗಳಲ್ಲಿ ಜರ್ಮನಿಯ 1898ರ ಮೌಸರ್ ಮಾದರಿಗೆ ಮೊದಲ ಸ್ಥಾನ.

ತೊಡಕು ಎಲ್ಲಿದೆ?

ಈ ಕೋವಿಗಳನ್ನು ಬರಿಗಣ್ಣಿನಿಂದ ಗುರಿಯಿಡಲೆಂದೇ ಮಾಡಲಾಗಿತ್ತು. ಮೌಸರ್‌ನ ಬೋಲ್ಟ್ ಹಿಡಿಕೆಯನ್ನು ಮೇಲೆತ್ತಿದರೆ ಅದು ಸ್ಕೋಪಿಗೆ ತಾಗುತ್ತದೆ. ಹಿಂಭಾಗದ ಸೇಫ್ಟಿ ಕೀಲಿ ಕೂಡ ನೆಟ್ಟಗೆ ನಿಂತಾಗ ಸ್ಕೋಪಿನ ಕೊಳವೆಗೆ ಅಡ್ಡಬರುತ್ತದೆ. ಆದ್ದರಿಂದ ಹಿಡಿಕೆಯನ್ನು ಬಗ್ಗಿಸುವುದು ಅಥವಾ ಕತ್ತರಿಸಿ ಬೇರೆ ಬೆಸುಗೆ ಹಾಕುವುದು, ತಗ್ಗಾದ ಸೇಫ್ಟಿ ಹಾಕುವುದು ಮೊದಲ ಕೆಲಸ. ತೋಟಾಗಳ ಪಟ್ಟಿಯನ್ನು ಮೇಲಿನಿಂದ ತುರುಕುವ ಅನುಕೂಲವೂ ತಪ್ಪುತ್ತದೆ, ಒಂದೊಂದಾಗಿ ತುಂಬಬೇಕು.

ಕೊರೆಯುವ ಮುನ್ನ

ಮೊದಲು ಕೋವಿ ಖಾಲಿ ಇದೆಯೇ ಎಂದು ಎರಡು ಬಾರಿ ನೋಡಬೇಕು. ನಂತರ ಲೋಹದ ಗುಣ ತಿಳಿಯಬೇಕು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲುಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ಸಂಖ್ಯೆಯವು ಕುಖ್ಯಾತ. ಕಾಯಿಸಿದ ಉಕ್ಕಿನ ಬಿಸಿಯನ್ನು ಕೆಲಸಗಾರರು ಬಣ್ಣ ನೋಡಿ ಅಂದಾಜಿಸುತ್ತಿದ್ದರು. ಅತಿ ಕಾದ ಉಕ್ಕು ಪೆಡಸಾಗಿ, ಕೆಲವು ಗುಂಡು ಹಾರಿಸುವಾಗಲೇ ಸಿಡಿದವು. ಅಂಥದಕ್ಕೆ ಎಷ್ಟು ಒಳ್ಳೆಯ ಸ್ಕೋಪ್ ಹಾಕಿದರೂ ಅಪಾಯ ತಪ್ಪದು.

ಬುಡಪಟ್ಟಿ ಕೂರಿಸುವುದು

ಮೌಸರ್‌ನಲ್ಲಿ ನಳಿಗೆ ಸೇರುವ ಮುಂದಿನ ಉಂಗುರದ ಮೇಲೊಂದು, ಹಿಂದಿನ ಸೇತುವೆಯ ಮೇಲೊಂದು ಬುಡಪಟ್ಟಿ ಬರುತ್ತದೆ. ಇವುಗಳ ತೂತುಗಳು ನಳಿಗೆಯ ನಡುಗೆರೆಯ ನೇರಕ್ಕೇ ಇರಬೇಕು. ಕೈ ಡ್ರಿಲ್ಲಿನಿಂದ ಇದು ಆಗದು, ಅಚ್ಚು ಬಿಗಿದ ಡ್ರಿಲ್ ಯಂತ್ರವೇ ಬೇಕು. ಮೇಲ್ಮೈ ಉಕ್ಕು ಗಟ್ಟಿಯಾದ್ದರಿಂದ ಟ್ಯಾಪ್ ಒಳಗೇ ಮುರಿಯಬಹುದು. ಹಾಗೆಂದು ಉರಿ ಕೊಟ್ಟು ಮೆದುಮಾಡಲು ಹೋಗಿ ಬೋಲ್ಟಿನ ಹಲ್ಲುಗಳು ಕೂರುವ ಜಾಗ ಕಾದರೆ ರೈಫಲು ಕೆಟ್ಟಂತೆಯೇ. ಸ್ಕ್ರೂ ಉದ್ದವಾದರೆ ಒಳಗೆ ಚಾಚಿ ಬೋಲ್ಟನ್ನು ತಡೆಯುತ್ತದೆ. ಎರಡೂ ಬುಡಪಟ್ಟಿಗಳ ಎತ್ತರ ಹೊಂದದಿದ್ದರೆ ಉಂಗುರ ಬಿಗಿದಾಗ ಸ್ಕೋಪಿನ ಕೊಳವೆ ಬಾಗುತ್ತದೆ.

ಸಡಿಲ ಅಥವಾ ಓರೆಯಾದ ಜೋಡಣೆಯ ಫಲಕ್ಕೆ ಪ್ರಸಿದ್ಧ ಉದಾಹರಣೆಯಿದೆ. 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಗೆ ಬಳಕೆಯಾದ ಇಟಲಿಯ ಕಾರ್ಕಾನೊ ರೈಫಲು ಸ್ಕೋಪ್ ಸಹಿತ 19.95 ಡಾಲರಿನ ಅಂಚೆ ಸರಕು. ತನಿಖೆಯಲ್ಲಿ ಅದನ್ನು ಪರೀಕ್ಷಿಸುವಾಗ ಗುರಿ ಹೊಂದಿಸಲು ಜೋಡಣೆಯ ಅಡಿಗೆ ತೆಳು ಲೋಹದ ಚೂರುಗಳನ್ನು ಕೊಡಬೇಕಾಯಿತು.

ಗುರಿ ಹೊಂದಿಸುವುದು

ಸ್ಕೋಪನ್ನು ಕಣ್ಣಿನಿಂದ ಸುಮಾರು 75ರಿಂದ 100 ಮಿ.ಮೀ. ದೂರದಲ್ಲಿ ಇಡಬೇಕು. ಹತ್ತಿರವಾದರೆ ಕೋವಿ ಒದೆದಾಗ ಹುಬ್ಬು ಒಡೆಯುತ್ತದೆ. ಬೋಲ್ಟ್ ತೆಗೆದು, ನಳಿಗೆಯೊಳಗಿಂದ 25 ಮೀಟರ್ ದೂರದ ಗುರುತನ್ನು ನೋಡಿ, ಕೋವಿ ಅಲುಗದಂತೆ ಸ್ಕೋಪಿನ ಅಡ್ಡಗೆರೆಯನ್ನೂ ಅಲ್ಲಿಗೇ ತರಬೇಕು. ಆಮೇಲೆ ಪರವಾನಗಿಯುಳ್ಳ ಅಭ್ಯಾಸ ಮೈದಾನದಲ್ಲಿ ಮೊದಲು 25, ಬಳಿಕ 100 ಮೀಟರಿನಲ್ಲಿ ಹಾರಿಸಿ ನೋಡುವುದು ಕ್ರಮ.

ಕೊರೆಯದ ದಾರಿ

ಕೊರೆದ ತೂತು ಮತ್ತೆ ಮುಚ್ಚಿ ಮೊದಲಿನಂತಾಗದು. ಈಗ ಬದಲಾಯಿಸದ ಮೂಲ ರೈಫಲಿಗೇ ಸಂಗ್ರಹಕಾರರಲ್ಲಿ ಬೆಲೆ ಹೆಚ್ಚು. ಆದ್ದರಿಂದ ಹಳೆಯ ಹಿಂಗುರಿಯ ಪಟ್ಟಿ ಬಿಚ್ಚಿ, ಅದೇ ಜಾಗದಲ್ಲಿ ಕೂರುವ ಬುಡಕ್ಕೆ ದೂರದಿಂದ ನೋಡುವ ಸ್ಕೋಪ್ ಜೋಡಿಸುವ ರೂಢಿ ಬಂದಿದೆ. ಇದಕ್ಕೆ ‘ಸ್ಕೌಟ್’ ಜೋಡಣೆ ಎನ್ನುತ್ತಾರೆ. ಸ್ಕೋಪು ಮುಂದಿರುವುದರಿಂದ ಬೋಲ್ಟ್ ಹಿಡಿಕೆಗೂ ಅಡ್ಡಿಯಿಲ್ಲ. ನಮ್ಮ ಈಶಾಪುರ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ 7.62 ಮಿ.ಮೀ. 2ಎ1 ರೈಫಲುಗಳೂ ಅಮೆರಿಕದ ಮಾರುಕಟ್ಟೆ ಸೇರಿ ಹೀಗೆ ರೂಪ ಬದಲಿಸಿಕೊಂಡಿವೆ.

ನಮ್ಮಲ್ಲಿ ಕಾನೂನು

ಕೇರಳವಿರಲಿ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರವಿರಲಿ, 1959ರ ಶಸ್ತ್ರ ಕಾಯ್ದೆ ಎಲ್ಲರಿಗೂ ಒಂದೇ. ಸೈನಿಕ ಅಳತೆಯ .303 ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಅದಕ್ಕೆಂದೇ ಸರಕಾರಿ ಕಾರ್ಖಾನೆಗಳು .315 ಸ್ಪೋರ್ಟಿಂಗ್ ರೈಫಲು ತಯಾರಿಸಿದವು. ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿ, ಮಾರ್ಪಾಡಿನ ಕಸುಬಿಗೂ ಪರವಾನಗಿ ಬೇಕು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯ ದಿನಗಳೂ ಮುಗಿದಿವೆ. ಅಜ್ಜನ ಕಾಲದ ಕೋವಿ ಮನೆಯಲ್ಲಿದ್ದವರು ಊರಿನ ಲೇತ್ ಅಂಗಡಿಗೆ ಒಯ್ಯದೆ, ಲೈಸೆನ್ಸ್ ಪುಸ್ತಕದೊಂದಿಗೆ ಅಧಿಕೃತ ಬಂದೂಕು ಅಂಗಡಿಯಲ್ಲಿ ವಿಚಾರಿಸುವುದೇ ಕ್ಷೇಮ.