ಗುಳೆ ಹೋದವರ ನಿಯತ್ತು

ನಿಯತ್ತು ಕನ್ನಡಕ್ಕೆ ಬಂದು ಎಷ್ಟೋ ಕಾಲವಾಗಿ, ಈಗ ಅದು ಹೊರಗಿನ ಪದ ಎಂಬುದೇ ಯಾರಿಗೂ ನೆನಪಿಲ್ಲ. ನಿಯತ್ತಿನ ಆಳು, ನಿಯತ್ತಿನ ನಾಯಿ, ಉಂಡ ಮನೆಗೆ ನಿಯತ್ತು. ಸಾಲುಸಾಲಾಗಿ ಹೇಳಿಕೊಂಡು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಕನ್ನಡದಲ್ಲಿ ನಿಯತ್ತು ಕೆಳಗಿನವರು ಮೇಲಿನವರಿಗೆ ಕಟ್ಟುವ ಕಂದಾಯ. ಆಳಿಗೆ ನಿಯತ್ತಿದೆಯಾ ಎಂದು ಧಣಿ ಕೇಳುತ್ತಾನೆ. ಧಣಿಯ ನಿಯತ್ತನ್ನು ವಿಚಾರಿಸುವ ರೂಢಿ ಇಲ್ಲ.

ಅರಬ್ಬಿಯ 'ನಿಯ್ಯತ್' ಪಾರಸಿ, ದಖನಿಗಳನ್ನು ಹಾದು ಬರುವಾಗ ಈ ಗುಣ ಅಂಟಿಸಿಕೊಂಡಿತೋ, ಇಲ್ಲಿಗೆ ಬಂದ ಮೇಲೆ ಅಂಟಿತೋ. ಮಸೀದಿಯೊಳಗೆ ಮಾತ್ರ ಅದರ ಹಳೆಯ ಅರ್ಥ ಹಾಗೇ ಉಳಿದಿದೆ. ನಮಾಜಿಗೆ ನಿಲ್ಲುವ ಮುನ್ನ, ರೋಜಾ (ಉಪವಾಸ) ಹಿಡಿಯುವ ಮುನ್ನ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಸಂಕಲ್ಪ ಅದು. ಪ್ರವಾದಿಯವರ ನುಡಿಗಳ, ಅಂದರೆ ಹದೀಸ್‌ಗಳ, ಬುಖಾರಿ ಸಂಗ್ರಹದಲ್ಲಿ ಮೊಟ್ಟಮೊದಲ ಹದೀಸೇ ಇದರದು. ಕೆಲಸದ ಬೆಲೆ ಅದರ ಹಿಂದಿನ ಉದ್ದೇಶದಲ್ಲಿದೆ ಎಂಬುದು ಸಾರ. ಅದಕ್ಕೆ ಪ್ರವಾದಿಯವರು ಕೊಟ್ಟ ಉದಾಹರಣೆ ವಲಸೆಯದು: ದೇವರಿಗಾಗಿ ಊರು ಬಿಟ್ಟವನದು ಒಂದು ಲೆಕ್ಕ, ಲಾಭಕ್ಕೋ ಮದುವೆಗೋ ಬಿಟ್ಟವನದು ಇನ್ನೊಂದು ಲೆಕ್ಕ.

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದಂಥ ಕಡೆ ಊರು ಬಿಡುವುದು ಪುರಾಣವಲ್ಲ. ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ಜನ ಗುಳೆ ಹೊರಡುತ್ತಾರೆ, ಹೆಚ್ಚಿನವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಹಾಗೆ ಹೋದ ಮುಸ್ಲಿಮನೊಬ್ಬ ಅಲ್ಲಿ ನಾಲ್ಕು ರಕಾತಿನ, ಅಂದರೆ ನಾಲ್ಕು ಸುತ್ತಿನ, ನಮಾಜನ್ನು ಪೂರ್ತಿ ಮಾಡಬೇಕೇ, ಪ್ರಯಾಣಿಕನಿಗೆ ಇರುವ ರಿಯಾಯಿತಿಯಂತೆ ಎರಡಕ್ಕೆ ಇಳಿಸಬೇಕೇ? ನಮ್ಮ ಬಯಲುಸೀಮೆಯ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದ ಉತ್ತರ ನಿಂತಿರುವುದು ನಿಯತ್ತಿನ ಮೇಲೆ. ಒಂದೇ ಊರಿನಲ್ಲಿ 15 ದಿನವೋ ಹೆಚ್ಚೋ ಇರುತ್ತೇನೆಂದು ನಿಶ್ಚಯಿಸಿದರೆ ಅವನು ಆ ಊರಿನವನು, ನಾಲ್ಕೂ ಆಗಬೇಕು. ನಾಳೆ ಹೊರಟೆ, ನಾಡಿದ್ದು ಹೊರಟೆ ಎಂದುಕೊಳ್ಳುತ್ತಲೇ ವರ್ಷಗಟ್ಟಲೆ ಕಳೆದರೂ ಅವನು ಪ್ರಯಾಣಿಕನೇ. ಎಂಟನೇ ಶತಮಾನದ ಕೂಫಾ ನಗರದಲ್ಲಿ ಬೇರು ಬಿಟ್ಟ ಈ ಪಂಥ ಗುಳೆಯವನ ಮನಸ್ಸನ್ನು ಇಷ್ಟು ಸರಿಯಾಗಿ ಹಿಡಿದದ್ದು ಹೇಗೆ ಎಂದು ನನಗೆ ಬೆರಗು. ತಗಡಿನ ಶೆಡ್ಡಿನಲ್ಲಿ ಮೂರು ವರ್ಷ ಉಳಿದವನನ್ನು ಕೇಳಿ ನೋಡಿ, 'ಈ ಮುಂಗಾರು ಹಿಡಿದರೆ ಹೊರಟೆ ಸಾರ್' ಅನ್ನುತ್ತಾನೆ. ಆಧಾರ್ ವಿಳಾಸ ಒಂದು ಹೇಳುತ್ತದೆ, ಮತದಾರರ ಪಟ್ಟಿ ಇನ್ನೊಂದು. ಮನಸ್ಸು ಯಾವ ಊರಲ್ಲಿದೆ ಎಂದು ಕೇಳಿದ್ದು ಈ ನಮಾಜಿನ ನಿಯಮವೊಂದೇ.

ಪಂಥಗಳ ನಡುವೆ ವ್ಯತ್ಯಾಸವೂ ಉಂಟು. ಭಟ್ಕಳದ ನವಾಯತರೂ ಕರಾವಳಿಯ ಬ್ಯಾರಿಗಳೂ ಹೆಚ್ಚಾಗಿ ಶಾಫಿ ಪಂಥದವರು. ಅವರಿಗೆ ನಮಾಜಿನ ಮುಂಚಿನ ವುಜೂವಿಗೂ, ಅಂದರೆ ಕೈಕಾಲು ಮುಖ ತೊಳೆಯುವ ಶುದ್ಧಿಗೂ, ನಿಯ್ಯತ್ ಕಡ್ಡಾಯ. ಹನಫಿಗಳಿಗೆ ಅದು ಸುನ್ನತ್, ಅಂದರೆ ಮಾಡಿದರೆ ಒಳ್ಳೆಯದು ಅಷ್ಟೇ, ಮರೆತರೂ ವುಜೂ ಕೆಡದು.

ನಿಯ್ಯತ್ತಿಗೆ ಇಂದಿನ ತೊಡಕು ಕೈಯಲ್ಲಿನ ಫೋನಿನಲ್ಲೇ ಇದೆ. ಉಮ್ರಾ ಯಾತ್ರೆಗೆ ಹೋದವರು ಕಾಬಾದ ಎದುರು ನಿಂತು ವಿಡಿಯೋ ಕರೆ ಮಾಡುತ್ತಾರೆ. ಇಫ್ತಾರಿನ ತಟ್ಟೆ ಸ್ಟೇಟಸ್ಸಿಗೇರುತ್ತದೆ. ಜನರಿಗೆ ತೋರಿಸಲು ಮಾಡುವ ಭಕ್ತಿಗೆ 'ರಿಯಾ' ಎಂದು ಹೆಸರಿಟ್ಟು, ಅದೂ ಒಂದು ಸಣ್ಣ ಶಿರ್ಕ್ (ದೇವರಿಗೆ ಪಾಲುದಾರರನ್ನು ಕಲ್ಪಿಸುವ ಪಾಪ) ಎಂದು ಹದೀಸ್ ಎಚ್ಚರಿಸಿದೆ. (ಆ ಮೊಳಕಾಲ್ಮುರು ತಾಲ್ಲೂಕಿನದೇ ಆದ ಬ್ರಹ್ಮಗಿರಿಯ ಬಂಡೆಯಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನದ ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಕೆಲಸಕ್ಕೆ ರುಜು ಹಾಕುವುದು ಸರಿಯೇ. ಉಪವಾಸಕ್ಕೆ?) ಹಾಗಂತ ಫೋನನ್ನೇ ಬೈಯುವುದು ನನಗೆ ಒಪ್ಪಿಗೆಯಿಲ್ಲ. ಹಜ್ಜಿಗೆ ಹೋಗಲಾರದ ಅಜ್ಜಿಗೆ ಮೊಮ್ಮಗ ಕಾಬಾ ತೋರಿಸಿದರೆ ಅದು ರಿಯಾ ಆಗುತ್ತದೆಯೇ? ಅವನಿಗೇ ಗೊತ್ತು.

ಆದರೆ ಒಳಗಿನ ನಿಯ್ಯತ್ ಒಂದೇ ಸಾಕು ಎನ್ನುವಂತಿಲ್ಲ. ಬೆಂಗಳೂರಿನ ಐಎಂಎ ಹೂಡಿಕೆ ಕಂಪನಿಯಲ್ಲಿ ಹಣವಿಟ್ಟವರ ಸಂಕಲ್ಪದಲ್ಲಿ ಕೊರತೆಯಿರಲಿಲ್ಲ: ಬಡ್ಡಿ ಮುಟ್ಟಬಾರದು, ಹಲಾಲ್ ಲಾಭದ ಪಾಲು ಸಾಕು. 2019ರ ಜೂನ್‌ನಲ್ಲಿ ಕಂಪನಿ ಬಾಗಿಲು ಮುಚ್ಚಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಇಲ್ಲಿ ನಮ್ಮ ಬೀದಿಯ ಕನ್ನಡದ ನಿಯತ್ತೇ ಮೇಲು ಅನ್ನಿಸುತ್ತದೆ. ಅದು ಮನಸ್ಸನ್ನು ನಂಬದೆ ನಡತೆ ನೋಡುತ್ತದೆ, ಲೆಕ್ಕ ಕೇಳುತ್ತದೆ.

ಲೆಕ್ಕ ಕೇಳಲು ಧರ್ಮ ಅಡ್ಡ ಬಂದಿಲ್ಲ. ಕುರ್‌ಆನ್‌ನ ಅತಿ ಉದ್ದದ ವಚನ, ಎರಡನೇ ಅಧ್ಯಾಯದ 282ನೆಯದು, ಸಾಲಪತ್ರದ ಕುರಿತದ್ದು. ಗಡುವು ಹಾಕಿ ಬರೆದಿಡಿ, ಸಾಕ್ಷಿಗಳಿರಲಿ, ಮೊತ್ತ ಚಿಕ್ಕದೆಂದು ಬೇಸರಿಸಬೇಡಿ ಎಂಬುದು ಅದರ ತಾತ್ಪರ್ಯ. ಬೆವರು ಆರುವ ಮುನ್ನ ಕೂಲಿ ಕೊಡಿ ಎನ್ನುವ ಹದೀಸೂ ಇದೆ. ಅದು ಧಣಿಗೇ ಹೇಳಿದ ಮಾತು. ಗುಳೆ ಹೊರಡುವವನಿಗೆ ಮೇಸ್ತ್ರಿ ಕೊಡುವ ಮುಂಗಡ ಇಂದಿಗೂ ಬಹುಮಟ್ಟಿಗೆ ಬಾಯಿಮಾತಿನದೇ. ಚೀಟಿ ಕೇಳಿದರೆ, 'ಏನಪ್ಪಾ, ನನ್ನ ನಿಯತ್ತಿನ ಮೇಲೇ ಅನುಮಾನವಾ?' ಎಂದು ಮೇಸ್ತ್ರಿ ಮುನಿಯುತ್ತಾನೆ. ಚೀಟಿ ಬರೆಸಿಕೊಳ್ಳಿ.