ಓಬವ್ವೆಯ ಕಥೆ: ಹೇಳಿದ ಮಾತು ಮತ್ತು ಓದುಗನ ಪೂರಣ

ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಅಭ್ಯಸಿಸುವವರಿಗೆ ಒಂದು ತೊಡಕು ಮೇಲಿಂದ ಮೇಲೆ ಎದುರಾಗುತ್ತದೆ. ಕಥೆಯು ಹೇಳಿದುದೆಷ್ಟು, ಕೇಳಿದವನು ತಾನಾಗಿ ತುಂಬಿಕೊಂಡುದೆಷ್ಟು ಎಂಬುದನ್ನು ಬೇರ್ಪಡಿಸುವುದು ಹೇಗೆ? ಒನಕೆ ಓಬವ್ವೆಯ ಕಥೆಯನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಹೈದರಾಲಿಯ ಸೈನ್ಯವು ದುರ್ಗವನ್ನು ಮುತ್ತಿದ್ದಾಗ ಕಾವಲುಗಾರನು ಊಟಕ್ಕೆ ಕುಳಿತಿದ್ದನು. ನೀರು ತರಲು ಹೋದ ಅವನ ಹೆಂಡತಿಯು ಬಂಡೆಯ ಕಿಂಡಿಯಿಂದ ಶತ್ರುಗಳು ನುಸುಳುತ್ತಿದ್ದುದನ್ನು ಕಂಡು ಒನಕೆಯಿಂದ ಅವರನ್ನು ಕೊಂದಳು. ಕಥೆಯ ಸಾರ ಇಷ್ಟೆ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕೇಳುಗನು ಇನ್ನೂ ಹಲವನ್ನು ಅರಿಯುತ್ತಾನೆ. ಕಿಂಡಿ ಇಕ್ಕಟ್ಟಾದುದರಿಂದ ತಲೆ ಮುಂದಾಗಿ ಒಬ್ಬೊಬ್ಬನೇ ತೆವಳಬೇಕು. ಬಿದ್ದ ಹೆಣವನ್ನು ಎಳೆದುಹಾಕದಿದ್ದರೆ ಹಿಂದಿನವನು ಎಚ್ಚರಗೊಳ್ಳುವನು. ದಿನವೂ ಧಾನ್ಯ ಕುಟ್ಟುವ ಕೈಗೆ ಒನಕೆಯ ಭಾರ ಹೊಸದಲ್ಲ.

ಓದುಗನು ಪೂರ್ವಜ್ಞಾನದ ಅಚ್ಚಿನಲ್ಲಿಯೇ ಕಥೆಯನ್ನು ಎರಕಹೊಯ್ಯುತ್ತಾನೆಂದು ಕೇಂಬ್ರಿಜ್ಜಿನ ಬಾರ್ಟ್ಲೆಟ್ 1932ರಲ್ಲಿಯೇ ಪ್ರತಿಪಾದಿಸಿದ್ದನು. ಯೇಲ್ ವಿಶ್ವವಿದ್ಯಾನಿಲಯದ ಶ್ಯಾಂಕ್ ಮತ್ತು ಏಬಲ್‌ಸನ್ 1977ರ ತಮ್ಮ ಗ್ರಂಥದಲ್ಲಿ ಈ ಬಗೆಯ ಜ್ಞಾನವನ್ನು ಗಣಕಯಂತ್ರಕ್ಕೆ ಒದಗಿಸುವ ಕ್ರಮವನ್ನು ವಿವರಿಸಿದರು. ಒಬ್ಬನು ಹೋಟೆಲಿಗೆ ಹೋಗಿ, ತಿಂಡಿ ತರಹೇಳಿ, ಹಣ ಕೊಟ್ಟು ಹೊರಟನೆಂದರೆ, ಅವನು ತಿಂದನೆಂಬ ಹೇಳದ ಮಾತನ್ನು ಯಂತ್ರವು ರೂಢಿಯ ಘಟನಾಕ್ರಮದಿಂದ ಊಹಿಸುತ್ತದೆ. ಓಬವ್ವೆಯ ಕಥೆಗೆ ರೂಢಿಯೊಂದೇ ಸಾಲದು. ಒನಕೆಯ ರೂಢಿ ಧಾನ್ಯ ಕುಟ್ಟುವುದು. ಕಥೆಯಿರುವುದು ಆ ರೂಢಿ ಮುರಿದ ಕಡೆ. ಆದುದರಿಂದಲೇ ಪಾತ್ರಗಳ ಗುರಿ, ಉಪಾಯಗಳನ್ನೂ ಅವರು ಮಾದರಿಯಲ್ಲಿ ಸೇರಿಸಿದರು.

ಇಂಥ ಮಾದರಿಯಿಂದ ಇತಿಹಾಸಕಾರನಿಗೆ ಆಗುವ ಪ್ರಯೋಜನವೇನು? ಯಂತ್ರಕ್ಕೆ ಕೊಟ್ಟ ಜ್ಞಾನದಲ್ಲಿ ಒಂದಂಶವನ್ನು ತೆಗೆದರೆ ಯಾವ ಊಹೆ ಬಿದ್ದುಹೋಗುವುದೆಂದು ನೋಡಬಹುದು. ಮನುಷ್ಯನ ಮನಸ್ಸಿನಲ್ಲಿ ಹಾಗೆ ಮಾಡಲಾಗದು. ಅಪಾರ ಬರಹಗಳಿಂದ ತಾವೇ ಕಲಿಯುವ ಇಂದಿನ ಭಾಷಾಮಾದರಿಗಳಲ್ಲಿಯಾದರೋ ಈ ಸೌಲಭ್ಯ ಕಡಿಮೆ. ಅಲ್ಲಿ ಜ್ಞಾನವು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ.

ನಮ್ಮ ಮನಸ್ಸಿನ ಸ್ಥಿತಿಯೂ ಅದೇ. 1972ರ ‘ನಾಗರಹಾವು’ ಚಲನಚಿತ್ರವನ್ನು ನೋಡಿದವನು ಓಬವ್ವೆಯನ್ನು ಕುರಿತು ಓದುವಾಗ ತೆರೆಯ ಮೇಲಿನ ರೂಪವನ್ನೇ ಕಾಣುತ್ತಾನೆ. 1779ರಲ್ಲಿ ಕೋಟೆ ಹೈದರನ ವಶವಾದುದು ಇತಿಹಾಸ. ಕಿಂಡಿಯ ಬಳಿ ಅವಳ ಮುಖಭಾವ ಹೇಗಿತ್ತೆಂಬುದು ನಮ್ಮ ಪೂರಣ. ಪೂರಣವಿಲ್ಲದೆ ಕಥೆ ಅರ್ಥವಾಗದು. ಅದನ್ನೇ ಆಧಾರವೆಂದು ಬಗೆದರೆ ಇತಿಹಾಸ ಉಳಿಯದು.