ಟರ್ಪ್ಸಿಕೋರಿಯ ಹೆಸರು ಹಂಚಿಹೋದ ಬಗೆ

ಗ್ರೀಕ್ ಪುರಾಣದಲ್ಲಿ ದೇವರಾಜ ಜ್ಯೂಸ್‌ನಿಗೂ ನೆನಪಿನ ಅಧಿದೇವತೆ ನೆಮೊಸಿನಿಗೂ ಹುಟ್ಟಿದ ಒಂಬತ್ತು ಹೆಣ್ಣುಮಕ್ಕಳು ಮ್ಯೂಸ್‌ಗಳು, ಅಂದರೆ ಕಲೆ ಮತ್ತು ವಿದ್ಯೆಗಳಿಗೆ ಪ್ರೇರಣೆ ನೀಡುವ ದೇವತೆಗಳು. ಅವರಲ್ಲಿ ನೃತ್ಯಕ್ಕೆ ಒಡತಿಯೆನಿಸಿದವಳು ಟರ್ಪ್ಸಿಕೋರಿ. ಹೆಸಿಯೋಡ್ ಕವಿ ತನ್ನ 'ಥಿಯೋಗನಿ' ಕಾವ್ಯದಲ್ಲಿ ಒಂಬತ್ತೂ ಹೆಸರುಗಳನ್ನು ಹೇಳುತ್ತಾನಾದರೂ ಯಾರಿಗೆ ಯಾವ ಕಲೆಯೆಂದು ಹಂಚಿಕೊಡುವುದಿಲ್ಲ. ಆ ಹಂಚಿಕೆ ಒಂದು ನೆಲೆಗೆ ಬಂದದ್ದು ಬಹಳ ತಡವಾಗಿ, ರೋಮನ್ನರ ಕಾಲದಲ್ಲಿ. ಆದರೆ ಪ್ಲೇಟೋ ಬರೆದ 'ಫೀಡ್ರಸ್' ಸಂವಾದದಲ್ಲಿಯೇ, ಹಾಡಿನ ಮೋಹದಲ್ಲಿ ಅನ್ನನೀರು ಮರೆತು ಸತ್ತು ಜೀರುಂಡೆಗಳಾದ ಮನುಷ್ಯರು, ಭೂಮಿಯ ಮೇಲೆ ಯಾರು ಕುಣಿತದಿಂದ ಟರ್ಪ್ಸಿಕೋರಿಯನ್ನು ಆರಾಧಿಸಿದರೆಂಬುದನ್ನು ಅವಳಿಗೆ ವರದಿ ಮಾಡುತ್ತಾರೆಂಬ ಸೊಗಸಾದ ಕಥೆಯಿದೆ.

ಈ ಹೆಸರಿನ ಮೊದಲ ಭಾಗಕ್ಕೆ ಆನಂದಗೊಳಿಸುವುದು ಎಂಬ ಅರ್ಥವಿದೆ. ಅದು ಅಲ್ಲಿಗೇ ಮುಗಿಯುತ್ತದೆ. ಎರಡನೆಯ ಭಾಗವಾದ 'ಖೊರೋಸ್' ಮಾತ್ರ ಬಹು ಸಂಪನ್ನವಾದ ಪದ. ಹಲವರು ಕೂಡಿ ಹಾಡುತ್ತ ಹೆಜ್ಜೆಹಾಕುವ ಮೇಳ, ಆ ಮೇಳದ ಕುಣಿತ, ಕೆಲವೊಮ್ಮೆ ಅದು ಕುಣಿಯುವ ಕಣ, ಇವೆಲ್ಲಕ್ಕೂ ಗ್ರೀಕರಿಗೆ ಒಂದೇ ಪದ ಸಾಕಾಗಿತ್ತು. ಅಥೆನ್ಸ್‌ನ ರುದ್ರನಾಟಕಗಳಲ್ಲಿ ಕಥೆಯ ನಡುನಡುವೆ ಹಾಡಿ ಕುಣಿಯುತ್ತಿದ್ದ ತಂಡವೂ ಖೊರೋಸ್ ಆಗಿದ್ದು, ಸೊಫೊಕ್ಲಿಸ್‌ನ ಕಾಲಕ್ಕೆ ಅದರಲ್ಲಿ 15 ಮಂದಿ ಇರುತ್ತಿದ್ದರೆಂದು ಪರಂಪರೆ ಹೇಳುತ್ತದೆ; ಅವರು ಕುಣಿಯುತ್ತಿದ್ದ ಬಯಲಿಗೆ 'ಆರ್ಕೆಸ್ಟ್ರಾ' ಎಂದು ಹೆಸರು. ರೋಮನ್ ಶಿಲ್ಪ ಮತ್ತು ಭಿತ್ತಿಚಿತ್ರಗಳಲ್ಲಿ ಟರ್ಪ್ಸಿಕೋರಿ ಕುಣಿಯುವ ಬದಲು ಲೈರ್ ಎಂಬ ತಂತಿವಾದ್ಯವನ್ನು ಹಿಡಿದಿರುವುದು, ಎಷ್ಟೋ ವೇಳೆ ಕುಳಿತೇ ಇರುವುದು, ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಅವಳನ್ನು ಇಂಥ ಮೇಳದ ಅಧಿದೇವತೆಯೆಂದು ಬಗೆದಾಗ ಸಹಜವಾಗಿಯೇ ಕಾಣುತ್ತದೆ.

ಮುಂದೆ ಯುರೋಪಿನಲ್ಲಿ ಈ ಒಗ್ಗಟ್ಟು ಒಡೆಯಿತು. 'ಕೋರಸ್' ಹಾಡುವವರ ಪಾಲಾಯಿತು; ಕುಣಿಯುವ ಬಯಲಾಗಿದ್ದ ಆರ್ಕೆಸ್ಟ್ರಾ ವಾದ್ಯಗಾರರ ಪಾಲಾಗಿ, ಕೊನೆಗೆ ಕನ್ನಡನಾಡಿನ ಗಣೇಶೋತ್ಸವದ ಪೆಂಡಾಲಿಗೂ ಬಂದು ಸಿನಿಮಾ ಹಾಡುಗಳ ಕಾರ್ಯಕ್ರಮವೆಂಬ ಅರ್ಥ ಪಡೆಯಿತು. ಕುಣಿತದ ಪಾಲಿಗೆ ಉಳಿದದ್ದು 'ಕೊರಿಯೋಗ್ರಫಿ'. 1700ರಲ್ಲಿ ಪ್ಯಾರಿಸ್‌ನ ನೃತ್ಯಗುರು ಫ್ಯೂಯೆ ತನ್ನ ಗ್ರಂಥಕ್ಕೆ ಈ ಹೆಸರಿಟ್ಟಾಗ ಅದರ ಅರ್ಥ, ನರ್ತಕನ ಹೆಜ್ಜೆಗಳನ್ನು ಗೆರೆ ಮತ್ತು ಚಿಹ್ನೆಗಳಿಂದ ಕಾಗದದ ಮೇಲೆ ಬರೆದಿಡುವ ವಿದ್ಯೆ ಎಂದಿತ್ತು. ನೃತ್ಯ ಸಂಯೋಜನೆ ಎಂಬ ಇಂದಿನ ಅರ್ಥ ಆಮೇಲಿನದು.

ಪೂರ್ತಿ ಹೆಸರಿನ ಬಾಳು ಇಷ್ಟು ಫಲವತ್ತಾಗಲಿಲ್ಲ. ಜರ್ಮನಿಯ ಪ್ರೆಟೋರಿಯಸ್ 1612ರಲ್ಲಿ 300ಕ್ಕೂ ಹೆಚ್ಚು ನೃತ್ಯಧಾಟಿಗಳ ಸಂಗ್ರಹವನ್ನು ಈ ಹೆಸರಿನಲ್ಲಿ ಪ್ರಕಟಿಸಿದ. 1734ರಲ್ಲಿ ಹ್ಯಾಂಡೆಲ್ ಲಂಡನ್ನಿನಲ್ಲಿ ತನ್ನ ಒಂದು ಗೀತನಾಟಕಕ್ಕೆ 'ಟರ್ಪ್ಸಿಕೋರಿ' ಎಂಬ ನಾಂದಿಯನ್ನು ಸೇರಿಸಿದಾಗ ಫ್ರೆಂಚ್ ನರ್ತಕಿ ಮಾರಿ ಸಾಲೆ ಆ ದೇವತೆಯಾಗಿ ಕುಣಿದಳು. ಇವೆರಡರಲ್ಲಿಯೂ ಹಳೆಯ ಅರ್ಥಕ್ಕೆ ಇನ್ನೂ ಉಸಿರಿತ್ತು. 1864ರಲ್ಲಿ ಪತ್ತೆಯಾದ ಕ್ಷುದ್ರಗ್ರಹವೊಂದಕ್ಕೂ ಇದೇ ಹೆಸರು ಸಂದಿತು. ಆದರೆ ಇಂಗ್ಲಿಷಿನ 'ಟರ್ಪ್ಸಿಕೋರಿಯನ್' ಎಂಬ ವಿಶೇಷಣ, ಸರಳವಾಗಿ ಕುಣಿತವೆನ್ನಬೇಕಾದಲ್ಲಿ ಪಾಂಡಿತ್ಯ ಮೆರೆಯುವವರ ಅಲಂಕಾರವಾಗಿ ಸೊರಗಿತು.

ಕನ್ನಡದ ಕೋಶಕಾರರೂ ಅನುವಾದಕರೂ ಅವಳನ್ನು ನೃತ್ಯದೇವತೆಯೆಂದಷ್ಟೇ ಬರೆದರೆ ಅದು ತಪ್ಪಲ್ಲ, ಅಪೂರ್ಣ. ಹಾಡೂ ಹೆಜ್ಜೆಯೂ ಕೂಡಿದ ಮೇಳದ ದೇವತೆ ಎಂಬ ವಿವರಣೆ ಹೆಚ್ಚು ನಿಖರವಾದುದು, ಅದಕ್ಕೆ ಬೇಕಾದ 'ಮೇಳ' ಎಂಬ ಪದ ಕನ್ನಡದಲ್ಲಿ ಆಗಲೇ ಬಳಕೆಯಲ್ಲಿದೆ.